ಹಿಂದಿನ ಸಾಲಿನ ದನಿ

ಫೊಯ್ನಿತ್ಸಾ
ರಂಜಾನ್ ಐದನೇ ದಿನ

ನನ್ನ ಬಂಗಾರ ಅಲ್ಮಾಸಾ,

ಅಲ್ಲಾಹನ ಶಾಂತಿ ನಿನ್ನ ಮೇಲಿರಲಿ, ನಿನ್ನ ಹಠ ಮಾತ್ರ ಸ್ವಲ್ಪ ಕೆಳಗಿಳಿಯಲಿ. ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಈ ಕಾಗದವನ್ನು ಸರಾಯೆವೊ ಬಸ್ಸಿನವರ ಕೈಲಿ ಕಳಿಸುತ್ತಿದ್ದೇನೆ.

ಗುರುವಾರದ ಹಾಫಿಜ್ ಪರೀಕ್ಷೆಗೆ ಕೂರುವುದಿಲ್ಲ ಎಂದು ನಿಮ್ಮಪ್ಪನಿಗೆ ಹೇಳಿದೆಯಂತೆ. ನಾಲ್ಕು ವರ್ಷ ಇಡೀ ಕುರಾನನ್ನು ಬಾಯಿಪಾಠ ಮಾಡಿ, ಒಂದು ಪದಕ್ಕೆ ಹೆದರಿ ಬಿಟ್ಟುಬಿಡುತ್ತೀಯಾ? ಮೊದಲ ರೋಜಾದ ದಿನ ನಮ್ಮ ಮಸೀದಿಯಲ್ಲಿ ಹೆಂಗಸರೆದುರು ಓದುವಾಗ ‘ಈ ಊರನ್ನು ಹೊಗಿರಿ’ ಎಂಬಲ್ಲಿ ‘ಈ ಊರಲ್ಲಿ ನೆಲೆಸಿರಿ’ ಎಂದುಬಿಟ್ಟೆ. ಎರಡೂ ಕುರಾನಿನವೇ, ಅಧ್ಯಾಯ ಬೇರೆ ಅಷ್ಟೆ. ಹಿಂದಿನ ಸಾಲಿನಿಂದ ಯಾರೋ ತಿದ್ದಿದರು. ನೀನು ಸರಿಮಾಡಿಕೊಂಡು ಓದಿ ಮುಗಿಸಿದೆ, ಆಮೇಲೆ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದೆ.

ನಿನ್ನ ಓದು ಕೇಳಲೆಂದೇ ಪಕ್ಕದ ಮನೆಯ ಕಾತಾ ಬಂದು ನನ್ನ ಮಗ್ಗುಲಲ್ಲಿ ಕೂತಿದ್ದಳಲ್ಲ. ಸಂಜೆ ಉಪವಾಸ ಬಿಟ್ಟಮೇಲೆ ಕಾಫಿ ಕುಡಿಯುತ್ತಾ ಅವಳು, “ಅಲ್ವೇ ರಾಸೆಮಾ, ನಮ್ಮ ಇಗರ್ಜೀಲಿ ಫಾದರ್ ಒಂದು ಸಾಲು ಹಾರಿಸಿದ್ರೂ ನಾವು ಬಾಯಿ ಬಿಡಲ್ಲ. ಬೈಬಲ್ ನಮ್ಮ ಭಾಷೇಲೇ ಇದೆ, ಅರ್ಥ ಆದ್ರೆ ಸಾಕು. ನಿಮ್ಮಲ್ಲಿ ಒಂದು ಪದ ಜಾರಿದ್ರೆ ಹಿಟ್ಟು ನಾದೋಳೂ ಹಿಡೀತಾಳಲ್ಲೇ!” ಅಂದಳು.

ನನಗೆ ಎದೆಯುಬ್ಬಿತು ಮಗಳೇ. “ದೇವರ ಮಾತು ನಿಮ್ಮಲ್ಲಿಗೆ ಮನುಷ್ಯನಾಗಿ ಬಂತು, ನಮ್ಮಲ್ಲಿಗೆ ಮಾತಾಗಿಯೇ ಬಂತು, ಅದಕ್ಕೇ ಒಂದಕ್ಷರವನ್ನೂ ಬಿಟ್ಟುಕೊಡುವುದಿಲ್ಲ” ಎಂದು ಕಾತಾಳಿಗೆ ಹೇಳಿದೆ. ಇಮಾಮರು ತಪ್ಪಿದರೂ ಹಿಂದಿನವರು ತಿದ್ದುತ್ತಾರೆ, ಅವರು ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಅದರಲ್ಲಿ ಅವಮಾನವೇನು ಬಂತು? ಕೇಳುವವರ ಎದೆಯಲ್ಲೂ ಅದು ಇದೆ ಎಂದರೆ ನಿನಗೆ ಧೈರ್ಯ ಬರಬೇಕು.

ಗುರುವಾರ ಹೋಗಿ ಕೂರು. ತಪ್ಪಿದರೆ ತಿದ್ದುತ್ತಾರೆ, ಮುಂದಕ್ಕೆ ಓದು. ನಿನಗಿಷ್ಟದ ಸಿಹಿ ಹುರ್ಮಾಶಿತ್ಸೆ ಮಾಡಿ ಪಾಕದಲ್ಲಿ ನೆನೆಸಿ ಡಬ್ಬಿಗೆ ಹಾಕಿದ್ದೇನೆ, ಬಸ್ಸಿನವರಿಂದ ಕೇಳಿ ಇಸಿದುಕೋ.

ನಿನ್ನಿಂದ ತಲೆಯೆತ್ತಿ ನಡೆಯುವ
ಅಮ್ಮ, ರಾಸೆಮಾ

ಮರೆತಿದ್ದೆ: ಹಿಂದಿನ ಸಾಲಿನಿಂದ ತಿದ್ದಿದವಳು ನಾನೇ. ನೆಗಡಿಯಿಂದ ಗಂಟಲು ಕಟ್ಟಿತ್ತು, ನಿನಗೆ ಗುರುತು ಸಿಗಲಿಲ್ಲ. ಎಲ್ಲರ ಹಾಗೆ ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದೆ ನಿಜ, ಆದರೆ ಅರಬ್ಬಿಯ ಒಂದಕ್ಷರವನ್ನೂ ಓದಲು ನನಗೆ ಬರುವುದಿಲ್ಲ. ಇದನ್ನು ಇಷ್ಟು ವರ್ಷ ನಿನಗೂ ಹೇಳಿರಲಿಲ್ಲ. ವಾರವಾರವೂ ನೀನು ಮನೆಗೆ ಬಂದು ಅಡಿಗೆಮನೆಯಲ್ಲಿ ಓಡಾಡುತ್ತಾ ಬಾಯಿಪಾಠ ಮಾಡುತ್ತಿದ್ದಾಗ, ಹಿಟ್ಟು ನಾದುತ್ತಾ ಕೇಳಿ ಕಲಿತದ್ದು. ‘ಹೊಗಿರಿ’ ಎಂದು ನನಗೆ ಕಲಿಸಿದವಳು ನೀನೇ.