ಗೋರ್ನಿ ಲುಗ್‌ನ ಗೋಡೆಯ ಮೇಲೆ ನಮ್ಮ ಪತಾಕೆ

ಗೋರ್ನಿ ಲುಗ್, ೯ ಜೂನ್ ೧೯೭೪

ಪ್ರೀತಿಯ ರಾದೊಯ್ಕಾ ಅಜ್ಜಿ,

ಗೆದ್ದೆವು! ಒಂದು–ಸೊನ್ನೆ, ಗೋಲು ನನ್ನದೇ! ನಮ್ಮ ಗಿರಣಿಯವರ ಕ್ಲಬ್ ಮ್ಲಿನಾರ್ ಇನ್ನು ಮೇಲಿನ ದರ್ಜೆಯ ಸರ್ಬಿಯಾ ಲೀಗಿನಲ್ಲಿ ಆಡುತ್ತದೆ. ಮಂಡಿ ಊದಿದೆ, ಪ್ಲಮ್ ಸಾರಾಯಿಯಲ್ಲಿ ಅದ್ದಿದ ಬಟ್ಟೆ ಕಟ್ಟಿದ್ದೇನೆ, ಗಾಬರಿಯಾಗಬೇಡ.

ನಲವತ್ತೇಳರಲ್ಲಿ, ಕ್ಲಬ್ಬಿನ ಮೊದಲ ಆಟದ ದಿನ, ನೀನು ಕಸೂತಿ ಹಾಕಿದ ಪತಾಕೆಯನ್ನು ವಾಡಿಕೆಯಂತೆ ಎದುರಾಳಿಗಳಾದ ಇಲ್ಲಿಯವರಿಗೆ ಕೊಟ್ಟಿದ್ದೆವಲ್ಲ? ಅಂದು ಒಂಬತ್ತು ಗೋಲು ಹೊಡೆದ ಸೊಕ್ಕಿಗೆ ಅದನ್ನು ತಮ್ಮ ಕ್ಲಬ್ಬಿನ ಗೋಡೆಗೆ ತಲೆಕೆಳಗಾಗಿ ತೂಗುಹಾಕಿದ್ದರು. ಇಪ್ಪತ್ತೇಳು ವರ್ಷ ಹಾಗೇ ಇತ್ತು! ಇವತ್ತು ಆಟ ಮುಗಿದದ್ದೇ ಅವರ ಮುದಿ ಕಾವಲುಗಾರ ಸ್ವೆತೊಜಾರ್ ಸ್ಟೂಲು ಹತ್ತಿ ಅದನ್ನು ಬಿಚ್ಚಿದ.

“ತಗೊಂಡು ಹೋಗಯ್ಯಾ, ಇನ್ನು ಇದನ್ನ ನೋಡೋಕಾಗಲ್ಲ.”

“ಬೇಡ ತಾತ, ನೆಟ್ಟಗೆ ಮಾಡಿ ಅಲ್ಲೇ ಹಾಕಿ. ದಿನಾ ನೋಡ್ತಾ ಇರಿ!” ಎಂದೆ.

ಹಾಕಿದ, ಅಜ್ಜಿ!

ಬಸ್ಸಿನವನು ಕೂಗುತ್ತಿದ್ದಾನೆ.
ನಿನ್ನ ಗ್ವೋಜ್ದೆನ್