ಬಟ್ಟೆ ಇದೆ, ಉತ್ತರಿಸಲಿಲ್ಲ

ಏಪ್ರಿಲ್ 8, ಭಾನುವಾರ

ನಸುಕಿಗೇ ನಲ್ಲಿ ನೀರು ಬಂತು. ನಮ್ಮ ಬೀದಿಗೆ ಬರುವುದೇ ಭಾನುವಾರ. ಟ್ಯಾಂಕ್ ತುಂಬಿಸಿದೆ, ಬಟ್ಟೆ ಒಗೆದೆ, ಏಳಕ್ಕೆ ಹಿತ್ತಿಲಲ್ಲಿ ಹರವಿದೆ. ಒಬ್ಬಳದೇ ಬಟ್ಟೆ — ಅರ್ಧ ತಂತಿಯೂ ತುಂಬಲಿಲ್ಲ. ನನ್ನ ಗಂಡ ಎವೇಲಿಯೋ ತೀರಿಹೋಗಿ ಇವತ್ತಿಗೆ ಇಪ್ಪತ್ತಾರು ದಿನ.

ಅವನ ರೇಡಿಯೋ ಕೋಣೆಗೆ ಇನ್ನೂ ಕೈ ಹಚ್ಚಿಲ್ಲ. ಹಳೇ ರಷ್ಯನ್ ಟೀವಿಗಳ ಹೊಟ್ಟೆ ಬಗೆದು ಅವನೇ ಕಟ್ಟಿದ ಪೆಟ್ಟಿಗೆ. ಮೂವತ್ತು ವರ್ಷ ನನ್ನ ಸವತಿಯಾಗಿತ್ತು. ಲಿಯೋಗೆ ಕೊಟ್ಟುಬಿಡಬೇಕು.

ಏಪ್ರಿಲ್ 11

ಲಿಯೋ ಬಂದಿದ್ದ. ಸೈಕಲ್ ರಿಪೇರಿ ಮಾಡುತ್ತಾನೆ, ನಮ್ಮೂರು ಕೈಬಾರಿಯೆನ್‌ನ ಹ್ಯಾಮ್‌ಗಳಿಗೆಲ್ಲ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರಿಗೆಲ್ಲ, ಹಿರಿಯ. ಪೆಟ್ಟಿಗೆ ತಿರುಗಿಸಿ ನೋಡಿ, "ಆಂಟೆನಾ ಎಲ್ಲಿ?" ಅಂದ.

ಇಲ್ಲ ಅಂದೆ. ಹನ್ನೊಂದು ವರ್ಷದ ಹಿಂದೆ ನಾನೇ ಕತ್ತರಿಸಿದ್ದೆ. ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿನ ಬಟ್ಟೆ ಒಣಗಿಸಲು ಹಗ್ಗ ಇರಲಿಲ್ಲ. ತಾರಸಿಯ ತಾಮ್ರದ ತಂತಿ ಇಳಿಸಿ ಬೆಣ್ಣೆಹಣ್ಣಿನ ಮರಕ್ಕೆ ಕಟ್ಟಿದೆ. ಸಿಟ್ಟೂ ಇತ್ತು, ಸುಳ್ಳೇಕೆ. ಎವೇಲಿಯೋ ಬೈಯಲಿಲ್ಲ. "ಇನ್ನು ಒಂದು ಗೇಣೂ ಕತ್ತರಿಸಬೇಡ ಕಣೇ, ಈ ಉದ್ದ ಸರಿಯಾಗಿದೆ" ಅಂದ, ಅಷ್ಟೆ. ಎರಡು ತುದಿಗೂ ಒಡೆದ ಬಾಟಲಿಯ ಕತ್ತು ಕಟ್ಟಿದ. ಒಂದು ತುದಿಯಿಂದ ಕಿಟಕಿಗೆ ಸಣ್ಣದೊಂದು ತಂತಿ ಎಳೆದ. ಬಿಗಿಯಾಗಿ ನಿಲ್ಲಲಿ ಅಂತ, ಅಂದ. ನಂಬಿದೆ.

ಲಿಯೋ ಕಿಟಕಿಯಿಂದ ಬಗ್ಗಿ ನೋಡಿದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾರಾಯ್ತೀ ದಾಮಾರಿಸ್! ಹನ್ನೊಂದು ವರ್ಷದಿಂದ ಆಂಟೆನಾ ಮೇಲೆ ಚಡ್ಡಿ ಒಣಗಿಸ್ತಾ ಇದ್ದೀಯಲ್ಲೇ!"

ನಾನೂ ನಕ್ಕೆ. ಎವೇಲಿಯೋ ಹೋದ ಮೇಲೆ ಮೊದಲ ಸಲ.

"ಅಂದ್ರೆ ನನಗೆ ಗೊತ್ತಾಗದ ಹಾಗೆ ಮಾತಾಡ್ತಿದ್ದ ಅನ್ನು."

"ಬಟ್ಟೆ ಇದ್ದಾಗ ಕೇಳಬಹುದು. ಮಾತಾಡೋ ಹಾಗಿಲ್ಲ. ಇವನು ಗುಂಡಿ ಒತ್ತಿದಾಗ ಯಾರಾದ್ರೂ ತಂತಿ ಮುಟ್ಟಿದ್ರೆ ಕೈ ಸುಡುತ್ತೆ."

"ಯಾರ ಕೈ?" ಅಂದೆ, ದಡ್ಡಿಯ ಹಾಗೆ.

ಲಿಯೋ ನನ್ನ ಕೈ ಕಡೆ ನೋಡಿದ. ಕಾಫಿ ಕುಡಿದು ಹೋದ.

ಏಪ್ರಿಲ್ 15, ಭಾನುವಾರ

ಅವನ ಲಾಗ್ ಪುಸ್ತಕ ತೆಗೆದೆ. ಮಾತಾಡಿದ್ದನ್ನೆಲ್ಲ ಬರೆದಿಡುವ ಪುಸ್ತಕ.

"ಭಾನುವಾರ, ಏಳು. ವೆನ್ಸೆ ಕರೆದ. ಬಟ್ಟೆ ಇದೆ. ಉತ್ತರಿಸಲಿಲ್ಲ."

ಮುಂದಿನ ವಾರ — ಅದೇ. ಅದರ ಮುಂದಿನ ವಾರ — ಅದೇ. ಪುಟಗಟ್ಟಲೆ. ನಡುನಡುವೆ ಎಲ್ಲೋ ಒಂದು: "ಮಳೆ! ವೆನ್ಸೆ ಜೊತೆ ನಲವತ್ತು ನಿಮಿಷ." ಮಳೆಯ ಭಾನುವಾರಗಳಲ್ಲಿ ನಾನು ಹೊದ್ದು ಮಲಗುತ್ತಿದ್ದೆ.

ವೆನ್ಸೆ ಅಂದರೆ ವೆನ್ಸೆಸ್ಲಾವೋ. ಮೆಕ್ಸಿಕೋದ ಪ್ರೊಗ್ರೆಸೋ ಬಂದರಿನಲ್ಲಿ ಐಸ್ ಫ್ಯಾಕ್ಟರಿಯವನು. ವಾರಕ್ಕೆ ಅದೊಂದೇ ಬೆಳಿಗ್ಗೆ ಬಿಡುವು. ಇಬ್ಬರೂ ಮುಖ ನೋಡಿದವರಲ್ಲ.

ಬರೆದುಬಿಡುತ್ತೇನೆ, ಇಲ್ಲಿ ಓದುವವರು ಯಾರು. ಟ್ಯಾಂಕಿನಲ್ಲಿ ಸೋಮವಾರಕ್ಕೂ ನೀರು ಉಳಿಯುತ್ತಿತ್ತು. ಸೋಮವಾರ ಒಗೆಯಬಹುದಿತ್ತು. ಬೇಕೆಂದೇ ಭಾನುವಾರ ಏಳಕ್ಕೆ ಹರವುತ್ತಿದ್ದೆ... ಆ ಹೊತ್ತಿಗೇ ಪೆಟ್ಟಿಗೆಯ ಮುಂದೆ ಕೂರುವವನು ಎದ್ದು ಬಂದು ಬಕೆಟ್ ಹಿಡಿಯಲಿ ಅಂತ. ಬರುತ್ತಿದ್ದ. ಹಿಡಿಯುತ್ತಿದ್ದ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಅವನಿಗೆ? ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಅದೂ ಅವನಿಗೆ ಗೊತ್ತಿತ್ತು.

ಏಪ್ರಿಲ್ 29, ಭಾನುವಾರ

ಬಟ್ಟೆ ನೆನೆಹಾಕಿಲ್ಲ. ಲಿಯೋ ತೋರಿಸಿಕೊಟ್ಟ ಹಾಗೆ ಹೆಡ್‌ಫೋನ್ ಹಾಕಿ ಕೂತೆ. ಏಳಕ್ಕೆ ಸರಿಯಾಗಿ ಒಂದು ದನಿ, ಗೊಗ್ಗರು ದನಿ. ಎವೇಲಿಯೋನ ಕರೆಗುರುತು, ಅಂದರೆ ರೇಡಿಯೋದಲ್ಲಿ ಅವನ ಹೆಸರು, ಹೇಳಿ ಮೂರು ಸಲ ಕರೆದ. ಕಾದ.

"ಸರಿ ಬಿಡಪ್ಪಾ, ನಿಮ್ಮಲ್ಲಿ ಬಿಸಿಲಿರಬೇಕು. ಮುಂದಿನ ವಾರ ನೋಡೋಣ."

ವೆನ್ಸೆಗೆ ಯಾರೂ ಹೇಳಿಲ್ಲ.

ಸಂಜೆ ಲಿಯೋ ಅಂದ, "ನಾನು ಹೇಳ್ತೀನಿ ಬಿಡು, ಎರಡು ನಿಮಿಷದ ಕೆಲಸ."

"ಬೇಡ. ನಾನೇ ಹೇಳಬೇಕು."

"ಎವೇಲಿಯೋನ ಕರೆಗುರುತಲ್ಲಿ ನೀನು ಮಾತಾಡೋ ಹಾಗಿಲ್ಲ. ಪರೀಕ್ಷೆ ಕಟ್ಟಿ ನಿಂದೇ ತಗೋಬೇಕು. ಈ ವಯಸ್ಸಲ್ಲಿ ಓಮ್‌ನ ನಿಯಮ ಬಾಯಿಪಾಠ ಮಾಡ್ತೀಯ?"

ಮಾಡುತ್ತೇನೆ.

ಜುಲೈ 3

ಫೇಲ್. ಮಿಂಚು ಬಂದಾಗ ಮೊದಲು ಏನು ಮಾಡಬೇಕು ಅಂತ ಕೇಳಿದ್ದರು. ಬಟ್ಟೆ ಒಳಗೆ ತರಬೇಕು ಅಂದೆ. ಆಂಟೆನಾ ಬಿಚ್ಚಬೇಕಂತೆ. ನಮ್ಮ ಮನೆಯಲ್ಲಿ ಎರಡೂ ಒಂದೇ, ಅವರಿಗೇನು ಗೊತ್ತು.

ಆಗಸ್ಟ್ 20, ಸೋಮವಾರ

ಪಾಸ್! ಗುರುತು ಬರಲು ಇನ್ನೊಂದೆರಡು ತಿಂಗಳು. ಬಟ್ಟೆ ಹರವುತ್ತಿದ್ದಾಗ ಪಕ್ಕದ ಮನೆಯ ಓದಾಲಿಸ್ ಬೇಲಿಯ ಮೇಲೆ ಕತ್ತು ಚಾಚಿದಳು.

"ಏನೇ, ಊರೆಲ್ಲ ಭಾನುವಾರ ಒಗೆದ್ರೆ ನಿಂದು ಸೋಮವಾರಾನಾ? ತಲೆಗಿಲೆ ಕೆಟ್ಟಿದ್ಯಾ?"

"ಆವಾಗ ಕೆಟ್ಟಿತ್ತು ಕಣೇ. ಈಗ ಸರಿಹೋಗಿದೆ."

ನಕ್ಕಳು. ನನಗೆ ನಗು ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಷ್ಟೆ.

ಅಕ್ಟೋಬರ್ 13

ಗುರುತು ಬಂತು. ಲಿಯೋ ಎಲ್ಲ ಜೋಡಿಸಿ ಪರೀಕ್ಷಿಸಿ ಹೋದ. ತಂತಿ ಒರೆಸಿದೆ. ಒಂದು ಕ್ಲಿಪ್ಪೂ ಬಿಟ್ಟಿಲ್ಲ. ಏನು ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಹೆದರಿಕೆ ಮಾತಾಡುವುದಕ್ಕಲ್ಲ. ನನ್ನ ಬಗ್ಗೆ ವೆನ್ಸೆಗೆ ಎವೇಲಿಯೋ ಏನೇನು ಹೇಳಿಟ್ಟಿದ್ದನೋ.

ಅಕ್ಟೋಬರ್ 14, ಭಾನುವಾರ, ಬೆಳಿಗ್ಗೆ ಏಳೂವರೆ

ಮರೆಯುವ ಮೊದಲು ಬರೆಯುತ್ತೇನೆ.

ವೆನ್ಸೆ ಕರೆದ. ಗುಂಡಿ ಒತ್ತಿ ನನ್ನ ಗುರುತು ಹೇಳಿದೆ. ಎವೇಲಿಯೋನ ಹೆಂಡತಿ ಅಂದೆ. ಆ ಕಡೆಯಿಂದ ದೊಡ್ಡ ನಗು.

"ಓಹೋ, ದಾಮಾರಿಸಮ್ಮ! ಬಟ್ಟೆ ಹರವ್ತಾ ಹಾಡ್ತೀರಂತಲ್ಲ ನೀವು? ಅದನ್ನ ಕೇಳಿಸಿಕೊಳ್ತಾ ಕೂತಿದ್ರೆ ನಿನ್ನ ನೆನಪೇ ಆಗಲ್ಲ ವೆನ್ಸೆ ಅಂತಿದ್ದ ಕಳ್ಳ! ಈ ವರ್ಷ ನಿಮ್ಮಲ್ಲಿ ಎಂಥಾ ಬಿಸಿಲಪ್ಪಾ, ಮಾರ್ಚಿಂದ ಒಂದು ಭಾನುವಾರಾನೂ ಮಳೆ ಇಲ್ವೇ? ಅಂತೂ ಇವತ್ತು ಬಂತಲ್ಲ. ಎಲ್ಲಿ ಅವನು, ಮೈಕ್ ಕೊಡಿ."

ಚೀಟಿ ಕೈಯಲ್ಲೇ ಇತ್ತು. ಕಿಟಕಿಯಾಚೆ ನೋಡಿದೆ. ಗುಂಡಿ ಒತ್ತಿದೆ.

ಮಳೆ ಇಲ್ಲ ವೆನ್ಸೆ, ಅಂದೆ. ಒಳ್ಳೇ ಬಿಸಿಲಿದೆ. ತಂತಿ ಖಾಲಿ. ಅವನು —