ಇಲಾಖೆಯ ಆಯಸ್ಸು

ಆಸ್ಟಿನ್
ಏಪ್ರಿಲ್, ಗುರುವಾರ ಸಂಜೆ

ನನ್ನ ಮುದ್ದು ರೋಂಡಾ,

ಜೈಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಸಿಡುಕಬೇಡ, ಹೆತ್ತವಳು ಮೊದಲು ಕೇಳುವುದು ಇದನ್ನೇ. ನಿನ್ನ ಮಾತಿನಂತೆ ಲಫ್ಕಿನ್‌ನಿಂದ ಬಸ್ಸು ಹಿಡಿದು ಶಾಸನಸಭೆಗೆ ಹೋಗಿ ಬಂದೆ. ಈಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಮ್ಮ ಟೆಕ್ಸಾಸಿನಲ್ಲಿ ಇಲಾಖೆಗಳಿಗೂ ಸಾಯುವ ದಿನ ಮೊದಲೇ ಗೊತ್ತಾಗಿರುತ್ತದೆ ಎಂದು ನೀನು ಹೇಳಿದ್ದು ನಿಜ. ಶಾಸಕರು ಹೊಸ ಕಾನೂನು ತಂದು ಆಯಸ್ಸು ಕೊಡದಿದ್ದರೆ ಬಾಗಿಲು ಮುಚ್ಚಬೇಕು. ನಮ್ಮ ಕ್ಯಾಸಿಯನ್ನು ಕರೆದೊಯ್ದ ಮಕ್ಕಳ ಇಲಾಖೆಗೆ ಈ ಸೆಪ್ಟೆಂಬರ್ ಗಡುವು. "ಇಲಾಖೆ ಹೋದ್ರೆ ನನ್ ಮಗಳು ಮನೆಗ್ ಬರ್ತಾಳಮ್ಮ. ಹೋಗಿ ಇಲಾಖೆ ಬೇಡ ಅಂತ ಹೇಳು, ಮೂಕಿ ಥರ ನಿಂತ್ಕೋಬೇಡ" ಎಂದು ನೀನು ಫೋನಿನಲ್ಲಿ ಅತ್ತಾಗ ನಾನೂ ನಂಬಿದೆ. ಅವಳ ಮಂಚಕ್ಕೆ ಹೊಸ ಕೌದಿಯನ್ನೂ ಹೊಲಿದಿಟ್ಟೆ.

ಮಾತಾಡಲು ಒಬ್ಬೊಬ್ಬರಿಗೆ ಮೂರೇ ನಿಮಿಷ, ಆಮೇಲೆ ಕೆಂಪು ದೀಪ. ನನಗಿಂತ ಮುಂಚಿನ ಪಾದ್ರಿಗಳು ದೇವರ ಸ್ತುತಿ ಮುಗಿಸುವಷ್ಟರಲ್ಲೇ ದೀಪ ಹತ್ತಿತು. ಪಾಪ, ಬಂದ ವಿಷಯ ಬಾಯಲ್ಲೇ ಉಳಿಯಿತು. ಆಮೇಲೆ ನನ್ನ ಹೆಸರು ಕರೆದರು. ಎದ್ದು ಹೋಗಿ ಹೇಳುವುದನ್ನು ಹೇಳಿದೆ.

ಹೊರಗೆ ಬಂದಾಗ ಒಬ್ಬ ಮುದುಕ ಶಾಸಕರು ಹಿಂದೆಯೇ ಬಂದು ನಿಲ್ಲಿಸಿದರು. ಇಲಾಖೆ ಮುಚ್ಚಿದರೆ ಮೊಮ್ಮಗಳು ಮನೆಗೆ ಬರುತ್ತಾಳೆ ಎಂದು ನಾನು ಒಳಗೆ ಅಂದದ್ದನ್ನು ಕೇಳಿಸಿಕೊಂಡಿದ್ದರು. "ಅಲ್ಲಮ್ಮಾ, ಇಲಾಖೆ ಸತ್ರೂ ಜಡ್ಜ್ ಕೊಟ್ಟ ಆದೇಶ ಸಾಯಲ್ಲ. ಮಗು ಎಲ್ಲಿದ್ಯೋ ಅಲ್ಲೇ ಇರತ್ತೆ. ಯಾರ್ ನಿಮ್ಗೆ ಹಂಗ್ ಹೇಳಿದ್ದು?" ಎಂದರು. ನಿನ್ನ ಹೆಸರು ಹೇಳಲಿಲ್ಲ.

ಇಲಾಖೆಗೆ ಆಯಸ್ಸು ಕೊಡುವ ಮಸೂದೆ ಪಾಸಾಗುವುದು ಖಂಡಿತವಂತೆ. ಇಲಾಖೆಗೆ ಇನ್ನೂ ಹನ್ನೆರಡು ವರ್ಷ ಬದುಕು. ಅಷ್ಟರಲ್ಲಿ ಕ್ಯಾಸಿ ದೊಡ್ಡ ಹೆಂಗಸಾಗಿರುತ್ತಾಳೆ. ನಾನು ಏನು ಹೇಳಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೋ. ನಾನೂ ಮಾಡಿಕೊಳ್ಳುತ್ತಿದ್ದೇನೆ.

ನಿನ್ನ ಅಮ್ಮ,
ವೆಲ್ಮಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಆಗಸ್ಟಿನಲ್ಲಿ ನೀನು ಬಿಡುಗಡೆಯಾದರೆ ನಿನ್ನ ಆ ಡೇಲ್ ಕೂಡ ಹಿಂದೆಯೇ ನಮ್ಮ ಮನೆಗೆ ಬರುತ್ತಾನೆ. ಅವನನ್ನು ನೀನು ಬಿಡುವುದಿಲ್ಲ. ಕ್ಯಾಸಿಯ ಕೈ ಮುರಿದವನನ್ನು ಬಾಗಿಲಲ್ಲೇ ತಡೆಯುವ ಕಸುವು ನನ್ನಲ್ಲಿಲ್ಲ. ಅದಕ್ಕೆ ಅಷ್ಟು ಜನರೆದುರು ನಿಂತು, "ಇಲಾಖೆ ಮುಚ್ಚಿದ್ರೆ ನನ್ ಮೊಮ್ಮಗಳು ಮನೆಗ್ ಬರ್ತಾಳೆ. ದಯವಿಟ್ಟು ಮುಚ್ಬೇಡಿ" ಎಂದೆ. ಜಡ್ಜ್ ಆದೇಶದ ವಿಷಯ ಆಗ ನನಗೆ ಗೊತ್ತಿರಲಿಲ್ಲ, ರೋಂಡಾ.